ಇಡೀ ಮನೆಗೆ ಒಂದೇ ಫಿನಿಶ್ ಏಕೆ?

ಗೃಹಪ್ರವೇಶಕ್ಕೆ ದಿನ ಗೊತ್ತಾಗುತ್ತಿದ್ದಂತೆ ಮನೆಮಂದಿಯ ಕೈಗೆ ಶೇಡ್ ಕಾರ್ಡ್ ಬರುತ್ತದೆ. ಹಾಲ್‌ಗೆ ಐವರಿಯೋ ಕ್ರೀಮೋ, ಮಕ್ಕಳ ಕೋಣೆಗೆ ತಿಳಿನೀಲಿಯೋ ಪಿಸ್ತಾ ಹಸಿರೋ ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಅತ್ತೆಗೊಂದು, ಸೊಸೆಗೊಂದು, ಕಾಲೇಜಿಗೆ ಹೋಗುವ ಮಗಳಿಗೆ ಇನ್ನೊಂದು ಬಣ್ಣ ಹಿಡಿಸುತ್ತದೆ. ಎಲ್ಲ ತೀರ್ಮಾನವಾದ ಮೇಲೆ ಪೇಂಟಿಂಗ್ ಮೇಸ್ತ್ರಿ ‘ಯಾವ ಫಿನಿಶ್ ಹಾಕೋಣ ಸಾರ್?’ ಎಂದು ಕೇಳಿದರೆ, ‘ಯಾವುದು ಚೆನ್ನಾಗಿರುತ್ತೋ ಅದನ್ನೇ ಹಾಕಿಬಿಡಿ’ ಎಂಬ ಉತ್ತರ ಸಿಗುತ್ತದೆ. ಹಾಲ್, ಅಡುಗೆಮನೆ, ಮಲಗುವ ಕೋಣೆ, ಬಚ್ಚಲಮನೆಯ ಸೀಲಿಂಗ್, ಎಲ್ಲಕ್ಕೂ ಒಂದೇ ಬಗೆಯ ಪೇಂಟ್ ಬೀಳುತ್ತದೆ.

ಇಲ್ಲಿ ಆದ್ಯತೆ ತಲೆಕೆಳಗಾಗಿದೆ. ಬಣ್ಣ ಅವರವರ ಇಷ್ಟ. ಪಿಸ್ತಾ ಹಸಿರು ಬಳಿದ ಮಾತ್ರಕ್ಕೆ ಯಾವ ಗೋಡೆಯೂ ಕೆಡುವುದಿಲ್ಲ. ಮಗುವಿನ ಕ್ರೇಯಾನ್ ಗೀಟು ಒರೆಸಿದರೆ ಹೋಗುತ್ತದೆಯೇ, ಸಂಜೆ ದೀಪ ಹಾಕಿದಾಗ ಗಾರೆಯ ಉಬ್ಬುತಗ್ಗು ಎದ್ದು ಕಾಣುತ್ತದೆಯೇ, ಮಳೆಗಾಲ ಕಳೆದ ಮೇಲೆ ಪದರ ಗುಳ್ಳೆ ಏಳುತ್ತದೆಯೇ ಎಂಬುದನ್ನೆಲ್ಲ ಬಹುಪಾಲು ನಿರ್ಧರಿಸುವುದು ಫಿನಿಶ್, ಅಂದರೆ ಒಣಗಿದ ಪೇಂಟ್‌ನ ಹೊಳಪಿನ ಮಟ್ಟ. ಅದನ್ನು ಕೋಣೆ ಕೋಣೆಗೆ ಬೇರೆಯಾಗಿ, ಕೆಲವೊಮ್ಮೆ ಒಂದೇ ಕೋಣೆಯ ಗೋಡೆ ಗೋಡೆಗೆ ಬೇರೆಯಾಗಿ ಆರಿಸಬೇಕು. ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರೇ. ಈ ಗೋಡೆಯನ್ನು ಎಷ್ಟು ಕೈಗಳು ಮುಟ್ಟುತ್ತವೆ? ಇದಕ್ಕೆ ನೀರು, ಹಬೆ, ಜಿಡ್ಡು ಎಷ್ಟು ತಾಗುತ್ತದೆ? ಇದರ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ?

ಈ ಪ್ರಶ್ನೆಗಳ ಹಿಂದೆ ಸರಳವಾದ ರಸಾಯನಶಾಸ್ತ್ರವಿದೆ. ಪೇಂಟ್ ಎಂದರೆ ಬಣ್ಣದ ಪುಡಿ, ಸೀಮೆಸುಣ್ಣದಂಥ ಭರ್ತಿಪುಡಿ, ಇವನ್ನು ಗೋಡೆಗೆ ಹಿಡಿದಿಡುವ ಬೈಂಡರ್ ಎಂಬ ಅಂಟು ಮತ್ತು ಎಲ್ಲವನ್ನೂ ತೆಳುವಾಗಿಸುವ ನೀರು ಅಥವಾ ಟರ್ಪೆಂಟೈನ್. ಬಿಳಿ ಬಣ್ಣದ ಪುಡಿ ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್. ಇಂದಿನ ಎಮಲ್ಷನ್‌ಗಳಲ್ಲಿ ಅಂಟು ಹೆಚ್ಚಾಗಿ ಅಕ್ರಿಲಿಕ್. ಅಂಟು ಧಾರಾಳವಾಗಿದ್ದರೆ ಅದು ಪುಡಿಯ ಕಣಗಳನ್ನೆಲ್ಲ ಮುಳುಗಿಸಿ ನುಣುಪಾದ ಪದರವಾಗುತ್ತದೆ. ಅದರ ಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಪುಟಿಯುತ್ತದೆ, ಗೋಡೆ ಹೊಳೆಯುತ್ತದೆ. ಪುಡಿಯ ಪ್ರಮಾಣ ಹೆಚ್ಚಾದರೆ ಕಣಗಳು ಮೇಲ್ಮೈಯಿಂದ ತಲೆ ಎತ್ತುತ್ತವೆ. ಬೆಳಕು ಹತ್ತು ದಿಕ್ಕಿಗೆ ಚದುರುತ್ತದೆ, ಗೋಡೆ ಮ್ಯಾಟ್ ಆಗಿ ಕಾಣುತ್ತದೆ. ಕಲೆ ಹೋಗುವುದೂ ಉಳಿಯುವುದೂ ಇದೇ ಅನುಪಾತದ ಫಲ. ನುಣುಪು ಪದರದಲ್ಲಿ ಎಣ್ಣೆ, ಮಸಿ ಮೇಲೆಯೇ ನಿಲ್ಲುತ್ತವೆ. ಸಾಧಾರಣ ಮ್ಯಾಟ್‌ನ ಸಣ್ಣ ರಂಧ್ರಗಳಿಗೆ ಅವು ಇಳಿದುಬಿಡುತ್ತವೆ.

ಹೊಳಪನ್ನು ಅಳೆಯಲೂ ಬರುತ್ತದೆ. ಗ್ಲಾಸ್ ಮೀಟರ್ ಎಂಬ ಉಪಕರಣ 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು, ಎಷ್ಟು ಮರಳಿತು ಎಂಬುದನ್ನು ಅಂಕಿಯಲ್ಲಿ ಹೇಳುತ್ತದೆ. ಉತ್ತರ ಅಮೆರಿಕದ ಮಾಸ್ಟರ್ ಪೇಂಟರ್ಸ್ ಇನ್‌ಸ್ಟಿಟ್ಯೂಟ್ ಇದರ ಆಧಾರದ ಮೇಲೆ ಹೊಳಪನ್ನು 7 ಮಟ್ಟಗಳಾಗಿ ವಿಂಗಡಿಸಿದೆ. 5 ಅಂಕದೊಳಗಿದ್ದರೆ ಪೂರ್ತಿ ಮ್ಯಾಟ್, 20ರಿಂದ 35ರ ನಡುವೆ ಸ್ಯಾಟಿನ್, 35ರಿಂದ 70ರವರೆಗೆ ಸೆಮಿ ಗ್ಲಾಸ್, 70 ದಾಟಿದರೆ ಗ್ಲಾಸ್. ನಮ್ಮ ಅಂಗಡಿಗಳಲ್ಲಿ ಈ ಅಂಕಿ ಗಿರಾಕಿಯ ಕಿವಿಗೆ ಬೀಳುವುದು ಅಪರೂಪ. ಸಿಲ್ಕ್, ಪರ್ಲ್, ಸಾಫ್ಟ್ ಶೀನ್, ಲಸ್ಟರ್ ಎಂಬ ಹೆಸರುಗಳಷ್ಟೇ ಸಿಗುತ್ತವೆ. ಒಂದು ಕಂಪನಿಯ ಸಿಲ್ಕ್‌ಗೂ ಇನ್ನೊಂದರ ಶೀನ್‌ಗೂ ವ್ಯತ್ಯಾಸ ಎಷ್ಟೆಂದು ಹೆಸರು ನೋಡಿ ತಿಳಿಯಲು ಬರುವುದಿಲ್ಲ.

ಗೋಡೆಯ ಬಾಳಿಗೆ ತಕ್ಕ ಫಿನಿಶ್ ಎಂಬ ವಿವೇಕ ನಮಗೆ ಹೊಸದಲ್ಲ. ಹಳೆಯ ಸರ್ಕಾರಿ ಶಾಲೆ, ಆಸ್ಪತ್ರೆ, ರೈಲು ನಿಲ್ದಾಣಗಳ ಗೋಡೆಗಳನ್ನು ನೆನಪಿಸಿಕೊಳ್ಳಿ. ನೆಲದಿಂದ ನಾಲ್ಕಡಿಯವರೆಗೆ ಗಾಢ ಬಣ್ಣದ ಆಯಿಲ್ ಪೇಂಟ್, ಅದರ ಮೇಲೊಂದು ಪಟ್ಟಿ, ಪಟ್ಟಿಯ ಮೇಲೆ ಸುಣ್ಣ ಅಥವಾ ಡಿಸ್ಟೆಂಪರ್. ಮಕ್ಕಳ ಕೈ, ಸಾಲಿನಲ್ಲಿ ನಿಂತವರ ಭುಜ, ನೆಲ ಒರೆಸುವ ನೀರು ತಾಗುವುದೆಲ್ಲ ಆ ನಾಲ್ಕಡಿಯಲ್ಲಿ. ಆದ್ದರಿಂದ ತೊಳೆಯಲು ಬರುವ ದುಬಾರಿ ಪೇಂಟ್ ಅಲ್ಲಿಗೆ ಮಾತ್ರ. ಯಾರೂ ಮುಟ್ಟದ ಮೇಲಿನ ಭಾಗಕ್ಕೆ ಅಗ್ಗದ, ಉಸಿರಾಡುವ ಸುಣ್ಣ ಸಾಕು. ಕಡಿಮೆ ಖರ್ಚಿನಲ್ಲಿ ಹೆಚ್ಚು ಬಾಳಿಕೆ ಪಡೆಯುವ ಈ ಲೆಕ್ಕಾಚಾರವನ್ನು ಮನೆ ಕಟ್ಟುವವರು ಸರ್ಕಾರಿ ಕಟ್ಟಡದ ನೋಟವೆಂದು ಬದಿಗಿಟ್ಟರು. ನೋಟ ಬೇಡವೆನಿಸಿದರೆ ಬಿಡಲಿ, ಲೆಕ್ಕಾಚಾರವನ್ನು ಬಿಡಬೇಕಾಗಿರಲಿಲ್ಲ.

ಹಾಲ್‌ನಿಂದಲೇ ಶುರು ಮಾಡೋಣ. ಬಂದವರ ಕಣ್ಣಿಗೆ ಬೀಳಲಿ ಎಂದು ಹೆಚ್ಚು ಹೊಳಪಿನ ಪೇಂಟ್ ಹಾಕಿಸುವುದು ಇಲ್ಲಿಗೇ. ಆದರೆ ಉದ್ದನೆಯ ಗೋಡೆ, ಪಕ್ಕದಲ್ಲೇ ದೊಡ್ಡ ಕಿಟಕಿ, ಫಾಲ್ಸ್ ಸೀಲಿಂಗ್‌ನ ಅಂಚಿನಲ್ಲಿ ಅಡಗಿಸಿದ ಎಲ್‌ಇಡಿ ಪಟ್ಟಿ, ಮೂರೂ ಇರುವ ಕೋಣೆಯೂ ಇದೇ. ಗೋಡೆಯನ್ನು ಸವರಿಕೊಂಡು ಬರುವ ಅಡ್ಡ ಬೆಳಕಿಗೆ ಪುಟ್ಟಿಯ ಏರಿಳಿತ, ರೋಲರ್ ಗೆರೆ, ವೈರಿಂಗ್‌ಗೆ ಕೊರೆದು ಮುಚ್ಚಿದ ಜಾಗ ಎಲ್ಲವೂ ಎದ್ದು ಕಾಣುತ್ತವೆ. ಹೊಳಪು ಹೆಚ್ಚಿದಷ್ಟೂ ಈ ಕುಂದು ಹೆಚ್ಚುತ್ತದೆ. ಗಾರೆ ಕನ್ನಡಿಯಷ್ಟು ಸಮತಟ್ಟಾಗಿಲ್ಲದ ಹಾಲ್‌ಗೆ ಮ್ಯಾಟ್ ಅಥವಾ ಮಂದ ಹೊಳಪಿನ ಎಗ್‌ಶೆಲ್ ಒಳ್ಳೆಯದು. ನಮ್ಮ ಬಹುತೇಕ ಹಾಲ್‌ಗಳು ಇಂಥವೇ.

ತಲೆ, ಕೈ ತಾಗುವ ಜಾಗಗಳಿಗೆ ಮಾತ್ರ ಬೇರೆ ಲೆಕ್ಕ ಬೇಕು. ದಿವಾನದ ಹಿಂದೆ, ಮಂಚದ ತಲೆಯ ಕಡೆ, ನೆಲದ ಮೇಲೆ ಕುಳಿತು ಒರಗುವ ಮೂಲೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿದ ತಲೆ ತಾಗಿ ತಾಗಿ ಕಪ್ಪು ವೃತ್ತ ಮೂಡುತ್ತದೆ. ಸ್ವಿಚ್ ಬೋರ್ಡ್ ಸುತ್ತಲೂ ಬೆರಳಚ್ಚು ಬೀಳುತ್ತದೆ. ಸಾಧಾರಣ ಮ್ಯಾಟ್ ಮೇಲಿನ ಈ ಕಲೆಯನ್ನು ಉಜ್ಜಿದರೆ ಇನ್ನೊಂದು ತೊಂದರೆ ಎದುರಾಗುತ್ತದೆ. ತಲೆ ಎತ್ತಿ ನಿಂತ ಕಣಗಳು ಸವೆದು ಆ ಜಾಗ ಮಾತ್ರ ಹೊಳೆಯತೊಡಗುತ್ತದೆ. ಗಾಢ ಬಣ್ಣದಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಅಂಥ ಗೋಡೆಗೆ ತೊಳೆಯಬಹುದಾದ ಮ್ಯಾಟ್ ಅಥವಾ ಸಾಫ್ಟ್ ಶೀನ್ ಬೇಕು. ಮೆಟ್ಟಿಲಿನ ಪಕ್ಕದ ಗೋಡೆ, ಪ್ಯಾಸೇಜ್, ಮಕ್ಕಳ ಕೋಣೆಗೂ ಇದೇ ಮಾತು. ಐದು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ನೆಲದಿಂದ ಮೂರು ನಾಲ್ಕಡಿ ಎತ್ತರದವರೆಗೆ ಸ್ಯಾಟಿನ್ ಹಾಕಿಸಿದರೆ ವರ್ಷಕ್ಕೊಮ್ಮೆ ಪೇಂಟರ್‌ನನ್ನು ಕರೆಯುವ ಪ್ರಮೇಯ ಬರುವುದಿಲ್ಲ.

ಅಡುಗೆಮನೆಯಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ. ದಿನಕ್ಕೆರಡು ಸಲ ಒಗ್ಗರಣೆ, ಕುಕ್ಕರ್‌ನ ಹಬೆ, ಹಬ್ಬದ ದಿನ ಬಾಣಲೆ ತುಂಬ ಎಣ್ಣೆ. ಚಿಮಣಿ ಇದ್ದರೂ ಎಣ್ಣೆಯ ಸೂಕ್ಷ್ಮ ಹನಿಗಳು ಟೈಲ್ಸ್‌ನ ಮೇಲಿನ ಗೋಡೆಯನ್ನು ಮುಟ್ಟುತ್ತವೆ, ಅದರ ಮೇಲೆ ಧೂಳು ಕೂತು ಜಿಡ್ಡು ಗಟ್ಟಿಯಾಗುತ್ತದೆ. ಇಲ್ಲಿ ಸ್ಯಾಟಿನ್ ಅಥವಾ ಸೆಮಿ ಗ್ಲಾಸ್ ಬೇಕೇ ಬೇಕು. ದೇವರಮನೆಗೂ ಈ ನಿಯಮ ಅನ್ವಯಿಸುತ್ತದೆ. ದಿನವೂ ಎಣ್ಣೆದೀಪ, ಊದುಬತ್ತಿ, ಕರ್ಪೂರ ಉರಿಯುವ ಕಿರಿದಾದ ಜಾಗದಲ್ಲಿ ಮಸಿ ಮೇಲೇರಿ ಗೋಡೆಗೂ ಸೀಲಿಂಗ್‌ಗೂ ಅಂಟುತ್ತದೆ. ಮ್ಯಾಟ್‌ಗೆ ಹಿಡಿದ ಮಸಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಹರಡುತ್ತದೆಯೇ ಹೊರತು ಹೋಗುವುದಿಲ್ಲ.

ಮಲಗುವ ಕೋಣೆಗೆ ಮ್ಯಾಟ್ ಸಾಕು. ಮಂದ ಬೆಳಕನ್ನು ಅದು ಕಣ್ಣಿಗೆ ಚುಚ್ಚದಂತೆ ಹರಡುತ್ತದೆ. ಸೀಲಿಂಗ್‌ಗೂ ಮ್ಯಾಟ್ ಸರಿ, ಏಕೆಂದರೆ ಸೆಂಟ್ರಿಂಗ್ ಹಲಗೆಗಳ ಜೋಡಣೆಯ ಗುರುತು ಉಳಿದ ಸೀಲಿಂಗ್‌ಗೆ ಹೊಳಪು ಕೊಟ್ಟರೆ ಪ್ರತಿ ಗೆರೆಯೂ ಕಾಣುತ್ತದೆ. ಹಬೆ ತುಂಬಿ ಹನಿಗಟ್ಟುವ ಬಚ್ಚಲಮನೆಯ ಸೀಲಿಂಗ್ ಮಾತ್ರ ಇದಕ್ಕೆ ಹೊರತು. ಅಲ್ಲಿಗೆ ಬೂಷ್ಟು ತಡೆಯುವ ಅಂಶವಿರುವ ಸೆಮಿ ಗ್ಲಾಸ್ ಇರಲಿ, ಜೊತೆಗೆ ಎಕ್ಸಾಸ್ಟ್ ಫ್ಯಾನ್ ಕೂಡ ಇರಲಿ.

ಇಷ್ಟೆಲ್ಲ ಹೇಳುವಾಗ ಊರಿನ ಹವೆಯನ್ನು ಮರೆತರೆ ಸಲಹೆಗೆ ಬೆಲೆಯಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ. ಮಂಗಳೂರಿನಲ್ಲಿ ಅದು ಮೂರೂವರೆ ಸಾವಿರ ದಾಟುತ್ತದೆ, ಆಗುಂಬೆಯಲ್ಲಿ ಏಳು ಸಾವಿರವನ್ನೂ ಮೀರುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿಯುತ್ತದೆ, ಮಳೆ ನಿಂತ ಮೇಲೂ ನಿಧಾನವಾಗಿ ಅದನ್ನು ಹೊರಬಿಡುತ್ತಿರುತ್ತದೆ. ಹಿಂದೆ ಇಂಥ ಗೋಡೆಗೆ ಚಿಪ್ಪಿನ ಸುಣ್ಣ ಬಳಿಯುತ್ತಿದ್ದರು. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಿನ ಪದರವಾಗುತ್ತದೆ. ಆ ಪದರದೊಳಗಿಂದ ತೇವ ಆವಿಯಾಗಿ ಹೋಗಬಲ್ಲದು. ಹೊಸ ಸುಣ್ಣದ ಕ್ಷಾರಗುಣದಿಂದಾಗಿ ಬೂಷ್ಟೂ ಸುಲಭವಾಗಿ ಹಿಡಿಯುವುದಿಲ್ಲ. ಒರಗಿದರೆ ಬಟ್ಟೆಗೆ ಅಂಟುತ್ತದೆ, ಆಗಾಗ ಬಳಿಯಬೇಕು ಎಂಬ ಕಾರಣಕ್ಕೆ ಅದು ಹಿಂದೆ ಸರಿಯಿತು.

ಅದರ ಜಾಗಕ್ಕೆ ಬಂದ ಹೊಳಪಿನ ಎಮಲ್ಷನ್ ಬಹುಮಟ್ಟಿಗೆ ಪ್ಲಾಸ್ಟಿಕ್ ಪದರ. ಒಳಗೆ ಒಣಗಿದ ಗೋಡೆಯ ಮೇಲೆ ಅದು ಅತ್ಯುತ್ತಮ. ತೇವ ಹಿಡಿದ ಗೋಡೆಯ ಮೇಲೆ ಹಾಕಿದರೆ ಹೊರಬರಲು ದಾರಿ ಕಾಣದ ನೀರು ಪದರವನ್ನೇ ಎಬ್ಬಿಸುತ್ತದೆ. ಜೊತೆಗೆ ಕರಗಿ ಬಂದ ಲವಣ ಬಿಳಿ ಪುಡಿಯಾಗಿ ಹೊರಹೊಮ್ಮುತ್ತದೆ. ಪೇಂಟರ್‌ಗಳು ‘ಸಾಲ್ಟ್ ಬಂದಿದೆ’ ಎನ್ನುವುದು ಇದಕ್ಕೇ. ಆಗ ಅಂಗಡಿಯವರು ಇನ್ನೂ ದಪ್ಪನೆಯ, ಇನ್ನೂ ಹೊಳಪಿನ ಪೇಂಟ್ ತೋರಿಸುತ್ತಾರೆ, ಜನ ನಂಬಿ ಒಯ್ಯುತ್ತಾರೆ. ತೇವದ ಮೂಲ ತಾರಸಿಯ ಬಿರುಕಿನಲ್ಲಿ, ಸೋರುವ ಪೈಪಿನಲ್ಲಿ, ಬಚ್ಚಲಮನೆಯ ಟೈಲ್ಸ್ ಸಂದಿಯಲ್ಲಿ ಇರುತ್ತದೆ. ಅದನ್ನು ಮೊದಲು ಸರಿಪಡಿಸಿ, ಗೋಡೆಯನ್ನು ಒಣಗಲು ಬಿಡಬೇಕು. ಅಲ್ಲಿಯವರೆಗೆ ಮ್ಯಾಟ್ ಅಥವಾ ಸುಣ್ಣವೇ ಕ್ಷೇಮ. ಅವು ಕನಿಷ್ಠ ಪಕ್ಷ ತೇವವನ್ನು ಬಚ್ಚಿಡುವುದಿಲ್ಲ. ಹೊಸ ಕಟ್ಟಡಗಳಲ್ಲೂ ಇದೇ ಆತುರ ಕಾಣುತ್ತದೆ. ಗಾರೆಗೆ ನೀರುಣಿಸಿ ಮುಗಿದ ಮೇಲೂ ಅದು ಒಣಗಲು, ಅದರ ಕ್ಷಾರಗುಣ ಇಳಿಯಲು ವಾರಗಟ್ಟಲೆ ಬೇಕು. ಮುಹೂರ್ತ ಹತ್ತಿರ ಬಂತೆಂದು ಹಸಿ ಗಾರೆಯ ಮೇಲೆ ಹೊಳಪಿನ ಎಮಲ್ಷನ್ ಎಳೆದರೆ ಮೊದಲ ವರ್ಷದಲ್ಲೇ ಗುಳ್ಳೆ ಏಳುವ ಸಂಭವ ಹೆಚ್ಚು. ಗೃಹಪ್ರವೇಶವನ್ನು ಪ್ರೈಮರ್ ಬಳಿದ ಮನೆಯಲ್ಲೇ ಮಾಡಿ, ಕೊನೆಯ ಕೋಟ್ ಅನ್ನು ನಂತರ ಹೊಡೆಸಿದರೆ ಯಾವ ಶಾಸ್ತ್ರಕ್ಕೂ ಅಡ್ಡಿಯಿಲ್ಲ.

ಬಾಗಿಲು, ಕಿಟಕಿ, ಗ್ರಿಲ್‌ಗಳ ಎನಾಮೆಲ್ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಎಣ್ಣೆ ಆಧಾರಿತ ಬಿಳಿ ಎನಾಮೆಲ್ ಬೆಳಕು ಬೀಳದ ಕಡೆ ಹಳದಿಗಟ್ಟುತ್ತದೆ. ಹಾಗಾಗಿ ಕಪಾಟಿನ ಒಳಬದಿಗೆ, ಕತ್ತಲೆ ಪ್ಯಾಸೇಜಿನ ಬಾಗಿಲಿಗೆ ನೀರು ಆಧಾರಿತ ಎನಾಮೆಲ್ ಮೇಲು. ಅದಕ್ಕಿಂತ ಗಂಭೀರವಾದದ್ದು ಸೀಸದ ಪ್ರಶ್ನೆ. ಬಣ್ಣ ಗಾಢವಾಗಲೆಂದು, ಬೇಗ ಒಣಗಲೆಂದು ಹಿಂದಿನ ಎನಾಮೆಲ್‌ಗಳಿಗೆ ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ರೂಪಿಸಿ, ಮನೆಬಳಕೆಯ ಪೇಂಟ್‌ಗಳಲ್ಲಿ ಸೀಸದ ಮಿತಿಯನ್ನು 90 ಪಿಪಿಎಂಗೆ ಇಳಿಸಿತು. 2017ರ ನವೆಂಬರ್ 1ರಿಂದ ಅದು ಜಾರಿಯಲ್ಲಿದೆ. ಅದಕ್ಕೂ ಹಿಂದೆ ಬಳಿದ ಬಾಗಿಲು, ಕಿಟಕಿಗಳು ನಮ್ಮ ಮನೆಗಳಲ್ಲಿ ಇನ್ನೂ ಇವೆ. ಮರುಪೇಂಟಿಂಗ್‌ಗೆಂದು ಅವನ್ನು ಒಣ ಉಪ್ಪುಕಾಗದದಲ್ಲಿ ತಿಕ್ಕಿದರೆ ಧೂಳಿನ ಜೊತೆ ಸೀಸವೂ ಹಾರುತ್ತದೆ. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದು ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಹಳೆಯ ಎನಾಮೆಲ್ ಅನ್ನು ಒದ್ದೆ ಮಾಡಿಯೇ ಉಜ್ಜಬೇಕು. ಆ ದಿನ ಮಕ್ಕಳು, ಗರ್ಭಿಣಿಯರು ಬೇರೆ ಮನೆಯಲ್ಲಿರಬೇಕು. ಉಜ್ಜುವ ಕೆಲಸಗಾರನಿಗೆ ಒಳ್ಳೆಯ ಮಾಸ್ಕ್ ಕೊಡುವುದು ಮನೆಯವರ ಹೊಣೆ. ದಿನಗೂಲಿಗೆ ಬಂದವನ ಶ್ವಾಸಕೋಶವೂ ಅಷ್ಟೇ ಮುಖ್ಯ.

ಇನ್ನು ಬೆಲೆ. ನಮ್ಮ ಮಾರುಕಟ್ಟೆಯಲ್ಲಿ ಎಮಲ್ಷನ್‌ಗಳನ್ನು ಎಕಾನಮಿ, ಪ್ರೀಮಿಯಂ, ಲಕ್ಷುರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಮಾರುತ್ತಾರೆ. ಅಗ್ಗದ ಮೆಟ್ಟಿಲಲ್ಲಿ ಹೆಚ್ಚಾಗಿ ಮ್ಯಾಟ್ ಸಿಗುತ್ತದೆ, ಮೇಲೇರಿದಂತೆ ಹೊಳಪು ಹೆಚ್ಚುತ್ತದೆ. ಇದರಿಂದ ಹೊಳಪೇ ಸಿರಿತನ, ಮ್ಯಾಟ್ ಎಂದರೆ ಬಡತನ ಎಂಬ ಭಾವನೆ ಬೇರೂರಿದೆ. ತಾಂತ್ರಿಕವಾಗಿ ನೋಡಿದರೆ ಮಂದವಾಗಿಯೂ ಇದ್ದು, ತೊಳೆದರೂ ತಾಳುವ ಪೇಂಟ್ ತಯಾರಿಸುವುದು ಹೆಚ್ಚು ಕಷ್ಟದ ಕೆಲಸ. ಇತ್ತೀಚಿನ ಉತ್ತಮ ಮ್ಯಾಟ್‌ಗಳು ಅದನ್ನು ಸಾಧಿಸಿವೆ. ಗುಣಮಟ್ಟ ಒಂದು ಆಯ್ಕೆ, ಹೊಳಪು ಇನ್ನೊಂದು ಆಯ್ಕೆ. ಎರಡನ್ನೂ ಒಂದೇ ಡಬ್ಬದಲ್ಲಿ ಕಟ್ಟಿ ಕೊಂಡರೆ ನಷ್ಟ ಗಿರಾಕಿಗೆ. ನಾಲ್ಕು ಕೋಣೆಗೂ ಲಕ್ಷುರಿ ಶೀನ್ ಹಾಕುವ ಹಣದಲ್ಲಿ ಅಡುಗೆಮನೆ, ಮಕ್ಕಳ ಕೋಣೆಗಷ್ಟೇ ಅದನ್ನು ಹಾಕಿ, ಮಿಕ್ಕ ಕಡೆ ಒಳ್ಳೆಯ ಮ್ಯಾಟ್ ಬಳಿದು, ಉಳಿದದ್ದನ್ನು ಗೋಡೆಯ ತಯಾರಿಗೆ ಖರ್ಚು ಮಾಡಬಹುದು. ಪುಟ್ಟಿ, ಉಜ್ಜುವಿಕೆ, ಪ್ರೈಮರ್ ಸರಿಯಿಲ್ಲದ ಗೋಡೆಯ ಮೇಲೆ ಯಾವ ಮೆಟ್ಟಿಲಿನ ಪೇಂಟ್ ಕೂಡ ನಿಲ್ಲುವುದಿಲ್ಲ.

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಈ ವಿಷಯ ನೇರವಾಗಿ ಜೇಬಿಗೆ ತಾಗುತ್ತದೆ. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯಷ್ಟನ್ನು ಅಡ್ವಾನ್ಸ್‌ನಿಂದ ಹಿಡಿದುಕೊಳ್ಳುವುದು ಇಲ್ಲಿ ಬಹುಕಾಲದ ರೂಢಿ. ಮಾಲೀಕರು ಅಗ್ಗದ ಡಿಸ್ಟೆಂಪರ್ ಅಥವಾ ಎಕಾನಮಿ ಮ್ಯಾಟ್ ಹೊಡೆಸಿರುತ್ತಾರೆ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿಯುವಷ್ಟರಲ್ಲಿ ಅದು ಕಲೆಗಟ್ಟುವುದು ಖಚಿತ, ಒರೆಸಲು ಹೋದರೆ ಪೇಂಟೇ ಬಟ್ಟೆಗೆ ಬರುತ್ತದೆ. ತೊಳೆಯಲಾಗದ ಗೋಡೆ ಕೊಟ್ಟು, ತೊಳೆಯದ ತಪ್ಪಿಗೆ ದಂಡ ಹಾಕುವುದು ನ್ಯಾಯವಲ್ಲ. ಕರಾರುಪತ್ರದಲ್ಲಿ ಯಾವ ಕೋಣೆಗೆ ಯಾವ ಪೇಂಟ್, ಯಾವ ಫಿನಿಶ್, ಯಾವ ತಿಂಗಳಲ್ಲಿ ಹೊಡೆಸಿದ್ದು ಎಂಬುದನ್ನು ಬರೆಯಲಿ. ಅಡುಗೆಮನೆ, ಪ್ಯಾಸೇಜ್‌ಗಳಿಗೆ ತೊಳೆಯಬಹುದಾದ ಪೇಂಟ್ ಹಾಕಿಸಿದ ಮಾಲೀಕರು ಬಾಡಿಗೆದಾರರು ಬದಲಾದಾಗಲೆಲ್ಲ ಇಡೀ ಮನೆಗೆ ಪೇಂಟ್ ಹೊಡೆಸಬೇಕಾಗಿಲ್ಲ. ಇದರಿಂದ ಲಾಭ ಇಬ್ಬರಿಗೂ.

ಪೇಂಟಿಂಗ್ ಕೊಟೇಶನ್ ತೆಗೆದುಕೊಳ್ಳುವಾಗ ಚದರಡಿಗೆ ಇಷ್ಟು ಎಂಬ ಒಂದೇ ಸಾಲಿಗೆ ಒಪ್ಪಬಾರದು. ಕೋಣೆವಾರು ಫಿನಿಶ್, ಪ್ರೈಮರ್, ಎಷ್ಟು ಕೋಟ್ ಎಂಬುದೆಲ್ಲ ಅದರಲ್ಲಿ ಇರಬೇಕು. ಒಂದೇ ಶೇಡ್ ನಂಬರ್ ಮ್ಯಾಟ್‌ನಲ್ಲಿ ತಿಳಿಯಾಗಿಯೂ ಸ್ಯಾಟಿನ್‌ನಲ್ಲಿ ಗಾಢವಾಗಿಯೂ ಕಾಣುವುದರಿಂದ, ಕಾರ್ಡ್ ನೋಡಿ ತೀರ್ಮಾನಿಸದೆ ಗೋಡೆಯ ಮೇಲೆ ಎರಡಡಿ ಚೌಕಕ್ಕೆ ಎರಡು ಕೋಟ್ ಹೊಡೆಸಿ, ಬೆಳಿಗ್ಗೆಯೂ ನೋಡಿ, ರಾತ್ರಿ ದೀಪ ಹಾಕಿಯೂ ನೋಡಬೇಕು. ಹೊಸ ಎಮಲ್ಷನ್ ಮುಟ್ಟಿದರೆ ಗಂಟೆಯೊಳಗೆ ಒಣಗಿದಂತೆ ಅನಿಸಿದರೂ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ತೊಳೆಯಬಾರದು. ಉಳಿದ ಪೇಂಟನ್ನು ಶೇಡ್, ಫಿನಿಶ್, ಬ್ಯಾಚ್ ನಂಬರ್ ಬರೆದು ಬಿಗಿಯಾಗಿ ಮುಚ್ಚಿಟ್ಟರೆ ಮುಂದೆ ಟಚ್‌ಅಪ್‌ಗೆ ಒದಗುತ್ತದೆ. ಟಚ್‌ಅಪ್ ಮ್ಯಾಟ್‌ನಲ್ಲಿ ಹೊಂದಿಕೊಳ್ಳುತ್ತದೆ. ಹೊಳಪಿನ ಗೋಡೆಯಲ್ಲಿ ತೇಪೆಯಂತೆ ಕಾಣುವುದರಿಂದ ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನೇ ಬಳಿಯಬೇಕಾಗುತ್ತದೆ.

ಗಿರಾಕಿ ಎಚ್ಚರ ವಹಿಸಿದರಷ್ಟೇ ಸಾಲದು, ಕಂಪನಿಗಳೂ ಮಾಹಿತಿ ಕೊಡಬೇಕು. ಫ್ರಿಡ್ಜ್, ಎ.ಸಿ.ಗಳ ಮೇಲೆ ವಿದ್ಯುತ್ ಬಳಕೆಯ ನಕ್ಷತ್ರ ಗುರುತು ಬಂದ ಮೇಲೆ ಸಾಮಾನ್ಯ ಜನರೂ ಅದನ್ನು ನೋಡಿ ಕೊಳ್ಳುವುದನ್ನು ಕಲಿತರು. ಪೇಂಟ್ ಡಬ್ಬದ ಮೇಲೂ ಎರಡು ಅಂಕಿ ಕಡ್ಡಾಯವಾಗಿ ಮುದ್ರಣವಾಗಬೇಕು. 60 ಡಿಗ್ರಿಯಲ್ಲಿ ಅಳೆದ ಹೊಳಪು ಒಂದು, ಒದ್ದೆ ಉಜ್ಜುವಿಕೆಯನ್ನು ಎಷ್ಟು ತಾಳುತ್ತದೆ ಎಂಬ ದರ್ಜೆ ಇನ್ನೊಂದು. ಎರಡನೆಯದಕ್ಕೆ ಐಎಸ್‌ಒ 11998 ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಈಗಾಗಲೇ ಇದೆ. ಆ ಪರೀಕ್ಷೆಯಲ್ಲಿ 200 ಸಲ ಉಜ್ಜಿದ ಮೇಲೂ 5 ಮೈಕ್ರಾನ್‌ಗಿಂತ ಕಡಿಮೆ ಸವೆಯುವ ಪೇಂಟ್ ಮೊದಲ ದರ್ಜೆಯದು. ಭಾರತೀಯ ಮಾನಕ ಬ್ಯೂರೋ ಇಂಥ ಅಂಕಿಗಳನ್ನು ಡಬ್ಬದ ಮೇಲೆ, ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ ಮುದ್ರಿಸುವಂತೆ ಮಾಡಿದರೆ, ಹಾವೇರಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸುವವರೂ ಮಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರೂ ಯಾವ ಗೋಡೆಗೆ ಯಾವ ಡಬ್ಬ ಎಂಬುದನ್ನು ಅಂಗಡಿಯಲ್ಲಿ ನಿಂತಲ್ಲೇ ತೀರ್ಮಾನಿಸಬಹುದು.